ಹೊಸ ಎಲೆ ಬಂದಾಗ ಯಾವ ಎಲೆ ಹೊರಗೆ?

ಪೋಕೆಮಾನ್, ಮ್ಯಾಜಿಕ್, ಯು-ಗಿ-ಓ ಮುಂತಾದ ಆಟಗಳಲ್ಲಿ ಆಟಗಾರ ಎಲೆಗಳನ್ನು ಕೊಂಡು, ಗೆಳೆಯರ ಜೊತೆ ಬದಲಾಯಿಸಿಕೊಂಡು, ತನ್ನ ಕಟ್ಟನ್ನು ತಾನೇ ಕಟ್ಟಿಕೊಳ್ಳುತ್ತಾನೆ. ಈ ಆಟಗಳಿಗೆ ವರ್ಷದಲ್ಲಿ ಹಲವು ಸಲ ಹೊಸ ಎಲೆಗಳು ಬರುತ್ತವೆ. ಬಂದ ಎಲೆಯನ್ನು ಕೂಡಲೇ ಕಟ್ಟಿನೊಳಗೆ ಸೇರಿಸಿ ಆಡಬೇಕೆನ್ನುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಚಿತ್ರ ಚೆಂದ, ಅಂಕಿ ದೊಡ್ಡದು, ಗೆಳೆಯರ ಬಳಿ ಇಲ್ಲದ್ದು ಎಂದಮೇಲೆ ಬಿಡುವುದು ಹೇಗೆ? ಆದರೆ ಆ ಎಲೆ ನಿಜವಾಗಿ ಎಷ್ಟು ಬೆಲೆಯದು ಎಂದು ತಿಳಿಯುವುದು ಅದಕ್ಕಾಗಿ ಯಾವ ಹಳೆಯ ಎಲೆಯನ್ನು ಹೊರಗಿಟ್ಟೆವು ಎಂದು ಲೆಕ್ಕ ಹಾಕಿದಾಗ ಮಾತ್ರ. ಏನು ತೆಗೆಯಬೇಕು ಎಂದು ಯೋಚಿಸದೆ ಸೇರಿಸುತ್ತ ಹೋದ ಕಟ್ಟು ದಪ್ಪವಾಗುತ್ತದೆ, ಬಲವಾಗುವುದಿಲ್ಲ. ಇದು ಇಂದಿನ ಮಕ್ಕಳ ಆಟಕ್ಕೂ ಅನ್ವಯಿಸುವ ಮಾತು, ಮೈಸೂರು ಅರಮನೆಯ ಹಳೆಯ ಗಂಜೀಫಾ ಎಲೆಯಾಟಕ್ಕೂ ಅನ್ವಯಿಸುವ ಮಾತು. ಒಂದು ಕಡೆ ಕಿನ್ನಾಳದ ಚಿತ್ರಗಾರರು, ಇನ್ನೊಂದು ಕಡೆ ಭಾನಾಪುರದ ಆಟಿಕೆ ಕ್ಲಸ್ಟರ್ ಇರುವ ಕೊಪ್ಪಳ ಜಿಲ್ಲೆಯಲ್ಲಿ ಮುಂದೊಂದು ದಿನ ನಮ್ಮದೇ ಆದ ಎಲೆಯಾಟ ಹುಟ್ಟಬೇಕಾದರೆ ಈ ಪ್ರಶ್ನೆಯನ್ನು ಮೊದಲೇ ಬಿಡಿಸಿಕೊಳ್ಳಬೇಕಾಗುತ್ತದೆ.

ಮೊದಲು ಲೆಕ್ಕ ನೋಡೋಣ. ಪೋಕೆಮಾನ್ ಆಟದ ಕಟ್ಟಿನಲ್ಲಿ ಸರಿಯಾಗಿ 60 ಎಲೆ ಇರಬೇಕು. ಮೂಲ ಶಕ್ತಿಯ ಎಲೆಗಳನ್ನು ಬಿಟ್ಟರೆ ಒಂದೇ ಹೆಸರಿನವು ನಾಲ್ಕಕ್ಕಿಂತ ಹೆಚ್ಚು ಇರಬಾರದು. ಆಟದ ಆರಂಭದಲ್ಲಿ ಕೈಗೆ ಬರುವುದು 7 ಎಲೆ. ನಿಮ್ಮ ಆಟಕ್ಕೆ ಆಧಾರವಾದ ಒಂದು ಎಲೆಯ ನಾಲ್ಕು ಪ್ರತಿ ಕಟ್ಟಿನಲ್ಲಿದ್ದರೆ, ಮೊದಲ ಕೈಯಲ್ಲೇ ಅದರಲ್ಲಿ ಒಂದಾದರೂ ಬರುವ ಸಾಧ್ಯತೆ ಸುಮಾರು ಶೇ 40. ಹೊಸ ಎಲೆಗೆ ಜಾಗ ಮಾಡಲು ಅದರ ಒಂದು ಪ್ರತಿಯನ್ನು ತೆಗೆದರೆ ಸಾಧ್ಯತೆ ಶೇ 32ರ ಹತ್ತಿರಕ್ಕೆ ಇಳಿಯುತ್ತದೆ. ಎರಡು ತೆಗೆದರೆ ಶೇ 22. ಒಂದೇ ಉಳಿದರೆ ಶೇ 12ಕ್ಕಿಂತ ಕಡಿಮೆ. ಮ್ಯಾಜಿಕ್‌ನಲ್ಲಿ 60 ಕನಿಷ್ಠ ಮಿತಿ ಮಾತ್ರ, ಎಷ್ಟು ಬೇಕಾದರೂ ಹೆಚ್ಚಿಸಬಹುದು. ಅಲ್ಲಿ ಯಾವುದನ್ನೂ ತೆಗೆಯದೆ ಹತ್ತು ಎಲೆ ಸೇರಿಸಿ 70 ಮಾಡಿದರೆ, ನಾಲ್ಕು ಪ್ರತಿ ಇರುವ ಎಲೆಯ ಸಾಧ್ಯತೆಯೂ ಶೇ 35ಕ್ಕೆ ಬರುತ್ತದೆ. ಅಂದರೆ ಯಾವುದನ್ನೂ ತೆಗೆಯಲಿಲ್ಲ ಎಂದುಕೊಂಡವನು ಎಲ್ಲವನ್ನೂ ಸ್ವಲ್ಪ ಸ್ವಲ್ಪ ತೆಗೆದಿರುತ್ತಾನೆ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಹೊಸದೊಂದು ತೂಬು ಬಿದ್ದರೆ ಕೊನೆ ಭಾಗದ ಗದ್ದೆಗೆ ಏನಾಗುತ್ತದೆ ಎಂಬುದು ಗಂಗಾವತಿಯ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಕಟ್ಟಿನಲ್ಲೂ ನೀರು ಅಷ್ಟೇ, ಹರಿದು ಹಂಚಿಹೋಗುವ ಜಾಗ ಹೆಚ್ಚಾಗಿರುತ್ತದೆ.

ಹೊಸ ಎಲೆ ಒಂಟಿಯಾಗಿ ಬರುವುದೂ ಅಪರೂಪ. 2023ರಲ್ಲಿ ಬಂದ ಚಾರಿಜಾರ್ಡ್ ಇಎಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. 330 ಪ್ರಾಣಾಂಕ, ಎದುರಾಳಿ ಮುಂದೆ ಹೋದಷ್ಟೂ ಹೆಚ್ಚುವ ಹೊಡೆತ. ನೋಡಿದವರಿಗೆ ಬೇಕೇ ಬೇಕು ಅನ್ನಿಸುವ ಎಲೆ. ಆದರೆ ಅದು ವಿಕಾಸದ ಎರಡನೆಯ ಹಂತದ್ದು. ನೇರವಾಗಿ ಮೇಜಿನ ಮೇಲೆ ಇಡಲು ಬರುವುದಿಲ್ಲ. ಮೊದಲು ಚಾರ್ಮ್ಯಾಂಡರ್ ಬೇಕು, ನಡುವೆ ಚಾರ್ಮಿಲಿಯನ್ ಬೇಕು, ಇಲ್ಲವೇ ಆ ನಡುವಿನ ಹಂತವನ್ನು ಹಾರಿಸುವ ರೇರ್ ಕ್ಯಾಂಡಿ ಬೇಕು. ಇಷ್ಟಾದ ಮೇಲೆ ಅದರ ವಿಶೇಷ ಗುಣ ಕೆಲಸ ಮಾಡುವುದು ಕಟ್ಟಿನಲ್ಲಿ ಬೆಂಕಿಯ ಶಕ್ತಿ ಎಲೆಗಳು ಉಳಿದಿದ್ದಾಗ, ಏಕೆಂದರೆ ವಿಕಾಸವಾದ ಕ್ಷಣದಲ್ಲಿ ಅದು ಕಟ್ಟಿನಿಂದಲೇ ಮೂರರವರೆಗೆ ಶಕ್ತಿ ಎಲೆಗಳನ್ನು ಹುಡುಕಿ ತೆಗೆದುಕೊಳ್ಳುತ್ತದೆ. ಒಟ್ಟಿನಲ್ಲಿ ಒಂದು ಎಲೆಗಾಗಿ ಹತ್ತು ಹದಿನೈದು ಜಾಗ ಬಿಟ್ಟುಕೊಡಬೇಕು. ಆ ಜಾಗ ಬಿಟ್ಟುಕೊಟ್ಟವನ ಕೈಯಲ್ಲಿ ಅದು ಭಾರಿ ಎಲೆ. ನೀರಿನ ಜಾತಿಯ ಕಟ್ಟಿನೊಳಗೆ ಒಂದೇ ಒಂದನ್ನು ತಂದು ಹಾಕಿದವನ ಕೈಯಲ್ಲಿ ಅದು ಚಿತ್ರ ಮಾತ್ರ. ಹಾಗಾಗಿ ಹೊಸ ಎಲೆಯನ್ನು ಕೈಯಲ್ಲಿ ಹಿಡಿದಾಗ ಅದರ ಅಂಕಿಗಿಂತ ಮೊದಲು ಕೇಳಬೇಕಾದದ್ದು, ಇದು ನನ್ನ ಕಟ್ಟಿನಲ್ಲಿ ಈಗ ಯಾರು ಮಾಡುತ್ತಿರುವ ಕೆಲಸವನ್ನು ಮಾಡುತ್ತದೆ ಎಂದು. ಉತ್ತರ ಸಿಕ್ಕರೆ, ಹೊರಗೆ ಹೋಗಬೇಕಾದ ಎಲೆಯೂ ಸಿಕ್ಕಂತೆ. ಸಿಗದಿದ್ದರೆ ಆ ಎಲೆಯನ್ನು ಆಲ್ಬಂನಲ್ಲಿ ಇಡುವುದು ಒಳ್ಳೆಯದು.

ಇದೆಲ್ಲ ನಿನ್ನೆ ಮೊನ್ನೆ ಹುಟ್ಟಿದ ಸಮಸ್ಯೆಯೇನೂ ಅಲ್ಲ. ಗಂಜೀಫಾ ಎಲೆಗಳ ಬಗ್ಗೆ ನಮ್ಮ ದೇಶದಲ್ಲಿ ಸಿಗುವ ಮೊದಲ ಉಲ್ಲೇಖ ಬಾಬರನ ದಿನಚರಿಯದು. 1527ರಲ್ಲಿ ಸಿಂಧಿನ ಶಾ ಹಸನ್‌ಗೆ ಅವನು ಗಂಜೀಫಾ ಕಳಿಸಿದ. ಅವನ ಮೊಮ್ಮಗ ಅಕ್ಬರ್ ಆ ಕಟ್ಟಿಗೆ ಕೈ ಹಾಕಿದ್ದನ್ನು ಅಬುಲ್ ಫಜಲ್ ಐನ್-ಇ-ಅಕ್ಬರಿಯಲ್ಲಿ ವಿವರವಾಗಿ ಬರೆದಿದ್ದಾನೆ. ಹಳೆಯ ಕಟ್ಟಿನಲ್ಲಿ 12 ಬಣ್ಣ, ಬಣ್ಣಕ್ಕೆ 12ರಂತೆ 144 ಎಲೆ. ಅಶ್ವಪತಿ, ಗಜಪತಿ, ನರಪತಿ, ಗಢಪತಿ, ಧನಪತಿ ಎಂದು ಶುರುವಾಗಿ ಅಸುರರ, ಕಾಡುಪ್ರಾಣಿಗಳ, ಹಾವುಗಳ ಒಡೆಯರವರೆಗೆ ಹನ್ನೆರಡು ರಾಜರು. ಆನೆಗೊಂದಿಯ ಅರಸು ಮನೆತನದ ಹೆಸರಿನ ಜೊತೆ ಕೂಡಿಬಂದ ನರಪತಿ ಎಂಬ ಬಿರುದು ಎಲೆಯಾಟದಲ್ಲೂ ಒಂದು ಬಣ್ಣದ ರಾಜನದ್ದಾಗಿತ್ತು. ಅಕ್ಬರ್ ತಾನು ಆಡುವ ಕಟ್ಟಿನಲ್ಲಿ ಮಾಡಿದ ಬದಲಾವಣೆ ನೋಡಿ: ಹಾವು, ಅಸುರರ ಬಣ್ಣಗಳು ಹೋದವು, ಅವುಗಳ ಜಾಗಕ್ಕೆ ಅವನ ಆಡಳಿತದ ಇಲಾಖೆಗಳು ಬಂದವು. ಧನಪತಿಯ ಬಣ್ಣದಲ್ಲಿ ರಾಜ ಹಣ ಹಂಚುತ್ತಾನೆ, ವಜೀರ ಖಜಾನೆ ಪರಿಶೀಲಿಸುತ್ತಾನೆ, ಕೆಳಗಿನ ಹತ್ತು ಎಲೆಗಳಲ್ಲಿ ಲೋಹ ಕರಗಿಸುವವರು, ತೂಕ ಮಾಡುವವರು, ನಾಣ್ಯ ಟಂಕಿಸುವವರು. ದತ್ತಿ, ಫರ್ಮಾನುಗಳ ಬಣ್ಣದಲ್ಲಿ ಕಾಗದ ಮಾಡುವವನೂ ದಫ್ತರದಲ್ಲಿ ಬರೆಯುವವನೂ ಇದ್ದಾರೆ. ಹೊಸತನ ಇಷ್ಟೊಂದು ಬಂದರೂ ಬಣ್ಣಗಳು ಎಂಟಕ್ಕೆ, ಎಲೆಗಳು 96ಕ್ಕೆ ನಿಂತವು. ರಾಜ, ಮಂತ್ರಿ, ಒಂದರಿಂದ ಹತ್ತು ಎಂಬ ಒಳಗಿನ ಕ್ರಮ ಅಲುಗಾಡಲಿಲ್ಲ. ಹಾಗಾಗಿ ಹಳೆಯ ಆಟ ಬಲ್ಲವನು ಹೊಸ ಕಟ್ಟನ್ನು ಕೈಗೆತ್ತಿಕೊಂಡರೂ ಆಡಬಹುದಾಗಿತ್ತು. ಎಂಟು ಬಣ್ಣದ 96 ಎಲೆಗಳ ಕಟ್ಟು ದೇಶದುದ್ದಕ್ಕೂ ಬಳಕೆಯಲ್ಲಿ ಉಳಿಯಿತು.

ಸುಮಾರು ಎರಡೂವರೆ ಶತಮಾನದ ಬಳಿಕ ಮೈಸೂರಿನಲ್ಲಿ ಇದಕ್ಕೆ ತಿರುಗುಮುರುಗಾದ ಪ್ರಯೋಗ ನಡೆಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳ ವಿಷಯದಲ್ಲಿ ಅಪಾರ ಬುದ್ಧಿ ಉಳ್ಳವರು. ಚದುರಂಗದ ಕುದುರೆಯ ನಡೆಯ ಸಮಸ್ಯೆಗಳನ್ನು ಬಿಡಿಸಿದವರು, ಹೊಸ ಹೊಸ ಹಲಗೆಯಾಟಗಳನ್ನು ಕಲ್ಪಿಸಿದವರು. ಅವರ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಅವರೇ ರೂಪಿಸಿದ ಛದ ಎಂಬ ಎಲೆಯಾಟಗಳ ವಿವರವೂ ಬಣ್ಣದ ಚಿತ್ರಗಳೂ ಇವೆ. ಸಾಮಾನ್ಯ ಗಂಜೀಫಾದಲ್ಲಿ ಬಣ್ಣಕ್ಕೆ ಎರಡು ಚಿತ್ರದೆಲೆ ಇದ್ದರೆ ಛದದಲ್ಲಿ ಆರು. ಅಂಕಿಯ ಎಲೆಗಳು ಹತ್ತರಿಂದ ಹನ್ನೆರಡಕ್ಕೆ ಏರಿದವು. ಕೆಲವು ಆಟಗಳಿಗೆ ಹದಿನೆಂಟು ಬಣ್ಣದವರೆಗೆ, ಕೆಲವು ಕಟ್ಟುಗಳಿಗೆ 360 ಎಲೆಯವರೆಗೆ. ಅದರ ಮೇಲೆ ಖಾಯಂ ತುರುಫು, ಯಾವ ಎಲೆಯ ಬದಲಿಗಾದರೂ ನಿಲ್ಲುವ ವಿಶೇಷ ಎಲೆಗಳು. ಕಲೆಯಾಗಿ ನೋಡಿದರೆ ಕರ್ನಾಟಕದ ಎಲೆಯಾಟದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಕನಸು ಇಲ್ಲ. ಆ ಚಿತ್ರಗಳನ್ನು ನೋಡಿ ಮನಸ್ಸು ತುಂಬುತ್ತದೆ. ಆದರೆ ಈ ಆಟಗಳು ಅರಮನೆಯ ಹೊರಗೆ ಬೇರೂರಲಿಲ್ಲ. 360 ಎಲೆಗಳನ್ನು ಆರು ಜನರಿಗೆ ಹಂಚಿದರೂ ಒಬ್ಬೊಬ್ಬರ ಕೈಗೆ 60 ಬರುತ್ತವೆ. ಹಿಡಿಯುವುದೇ ಕಷ್ಟ, ಇನ್ನು ಬಿದ್ದು ಹೋದ ಎಲೆಗಳನ್ನು ನೆನಪಿಡುವ ಮಾತು ದೂರ. ಗಂಜೀಫಾದ ಜೀವವೇ ನೆನಪು. ಯಾವ ಬಣ್ಣದ ಮಂತ್ರಿ ಹೊರಬಿದ್ದ, ಈಗ ಯಾರ ಬಳಿ ಮೇಲಿನ ಎಲೆ ಉಳಿದಿದೆ ಎಂಬ ಲೆಕ್ಕದಲ್ಲೇ ಆಟವೆಲ್ಲ ಇರುತ್ತದೆ. ನೆನಪಿಗೆ ಸಿಗದಷ್ಟು ಎಲೆ ಇದ್ದರೆ ಬುದ್ಧಿಯ ಆಟ ಅದೃಷ್ಟದ ಆಟವಾಗಿಬಿಡುತ್ತದೆ.

ಇದಕ್ಕೆ ಒಂದು ಆಕ್ಷೇಪ ಬರುವುದು ನ್ಯಾಯವೇ. ಛದ ಹರಡದೆ ಹೋದದ್ದು ಎಲೆ ಹೆಚ್ಚಾದ್ದರಿಂದಲ್ಲ, ಕೈಯಲ್ಲಿ ಬರೆದ ಅಷ್ಟು ದುಬಾರಿ ಕಟ್ಟನ್ನು ಅರಸರಲ್ಲದೆ ಬೇರೆ ಯಾರೂ ಕೊಳ್ಳಲಾರರಾಗಿದ್ದರಿಂದ, ಜೊತೆಗೆ ಅಗ್ಗದ ಮುದ್ರಿತ ಇಸ್ಪೀಟು ಬಂದಿದ್ದರಿಂದ ಎನ್ನಬಹುದು. ಬೆಲೆಯ ಪಾತ್ರ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ 120 ಎಲೆಯ ದಶಾವತಾರ ಗಂಜೀಫಾ ಕೂಡ ಕೈಯಲ್ಲೇ ಬರೆದದ್ದು. ಅದು ಸಾವಂತವಾಡಿಯಲ್ಲಿ, ಬಂಗಾಳದ ಬಿಷ್ಣುಪುರದಲ್ಲಿ ತಲೆಮಾರುಗಳ ಕಾಲ ನಡೆಯಿತು. ಒಡಿಶಾದ ಗಂಜಪಾದಲ್ಲಿ ಎಂಟು, ಹತ್ತು, ಹನ್ನೆರಡು ಬಣ್ಣದ ಕಟ್ಟುಗಳು ಊರವರ ಕೈಯಲ್ಲಿ ಆಡಿದವು. ದುಬಾರಿಯಾದರೂ ಇವು ಬಾಳಿದವು ಎಂದಮೇಲೆ ಬೆಲೆಯೊಂದೇ ಕಾರಣ ಆಗಲಾರದು. ಇವನ್ನೆಲ್ಲ ಬದಿಗೆ ಸರಿಸಿದ ಇಸ್ಪೀಟಿನ ಕಟ್ಟು 52 ಎಲೆಯದು ಎಂಬುದನ್ನೂ ಮರೆಯಬಾರದು. ಆ 52 ಎಲೆಗಳಿಂದ ಜನ ರಮ್ಮಿ, ಇಪ್ಪತ್ತೆಂಟು, ಕತ್ತೆ ಆಟ ಎಂದು ಎಷ್ಟು ಆಟ ಹುಟ್ಟಿಸಿಕೊಂಡಿದ್ದಾರೆ! ಇಪ್ಪತ್ತೆಂಟು ಆಡುವವರಂತೂ 52ರಲ್ಲಿ 20 ಎಲೆ ತೆಗೆದಿಟ್ಟು 32ರಲ್ಲೇ ಆಡುತ್ತಾರೆ.

ಇಂದಿನ ಆಟಗಳ ಚರಿತ್ರೆಯೂ ಇದೇ ದಾರಿಯಲ್ಲಿ ನಡೆದಿದೆ. ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ 1993ರಲ್ಲಿ ಮ್ಯಾಜಿಕ್ ರೂಪಿಸಿದಾಗ ಒಂದೇ ಎಲೆಯನ್ನು ಎಷ್ಟು ಬೇಕಾದರೂ ಇಟ್ಟುಕೊಳ್ಳಬಹುದಾಗಿತ್ತು. ಅತಿ ಬಲದ ಎಲೆಗಳನ್ನು ರಾಶಿ ಹಾಕಿಕೊಂಡವರೇ ಗೆಲ್ಲತೊಡಗಿದ ಮೇಲೆ 60 ಎಲೆ, ನಾಲ್ಕು ಪ್ರತಿ ಎಂಬ ಮಿತಿ ಬಂತು. 1995ರಲ್ಲಿ ಇತ್ತೀಚಿನ ಎಲೆಗಳಷ್ಟನ್ನೇ ಬಳಸಿ ಆಡುವ ಪ್ರತ್ಯೇಕ ಪಂದ್ಯ ಪದ್ಧತಿ ಶುರುವಾಯಿತು. ಪೋಕೆಮಾನ್‌ನಲ್ಲಿ ಈಗ ಪ್ರತಿ ಎಲೆಯ ಕೆಳಗೆ ಸಣ್ಣದೊಂದು ಅಕ್ಷರ ಮುದ್ರಿಸಿರುತ್ತಾರೆ. ವರ್ಷ ತಿರುಗಿದಂತೆ ಒಂದೊಂದು ಅಕ್ಷರದ ಎಲೆಗಳು ಅಧಿಕೃತ ಪಂದ್ಯದಿಂದ ಹೊರಗುಳಿಯುತ್ತವೆ. ಯು-ಗಿ-ಓ ಹೀಗೆ ಸರದಿಯಂತೆ ಹೊರಹಾಕುವುದಿಲ್ಲ. ಯಾವುದು ನಿಷಿದ್ಧ, ಯಾವುದು ಒಂದೇ ಪ್ರತಿಗೆ ಸೀಮಿತ ಎಂದು ಪಟ್ಟಿ ಮಾಡುತ್ತದೆ. ದಾರಿ ಬೇರೆಯಾದರೂ, ಹೊರಗೆ ಕಳಿಸುವ ವ್ಯವಸ್ಥೆ ಇಲ್ಲದೆ ಹೊಸದನ್ನು ತರುತ್ತಲೇ ಇರಲು ಯಾರಿಗೂ ಸಾಧ್ಯವಾಗಿಲ್ಲ.

ಇಲ್ಲಿ ತಂದೆತಾಯಿಯರ ಸಿಟ್ಟು ಮುಂದೆ ಬರುತ್ತದೆ: ಇದೆಲ್ಲ ಕಂಪನಿಗಳು ಹಣ ಕೀಳುವ ದಾರಿ, ಕಳೆದ ವರ್ಷ ಕೊಡಿಸಿದ್ದನ್ನು ಈ ವರ್ಷ ಉಪಯೋಗವಿಲ್ಲದ್ದು ಮಾಡುತ್ತಾರೆ ಎಂದು. ಆ ಸಿಟ್ಟಿನಲ್ಲಿ ಹುರುಳಿದೆ. 1990ರ ದಶಕದ ಮೊದಲ ಚಾರಿಜಾರ್ಡ್ ಎಲೆಯ ಪ್ರಾಣಾಂಕ 120 ಇತ್ತು. 2023ರದ್ದಕ್ಕೆ 330. ಸರದಿ ಪದ್ಧತಿ ಇದ್ದರೂ ಅಂಕಿಗಳ ಈ ಏರಿಕೆ ನಿಂತಿಲ್ಲ. ಹೊಸದು ಹಳೆಯದಕ್ಕಿಂತ ಬಲವಾಗಿದ್ದರೆ ತಾನೇ ಮಾರಾಟವಾಗುವುದು? ಕಂಪನಿಯ ಹಿತ, ಕಟ್ಟಿನ ಹಿತ ಎರಡೂ ಒಂದೇ ಅಲ್ಲ, ಆದ್ದರಿಂದಲೇ ಆಯ್ಕೆಯ ಕೆಲಸವನ್ನು ಆಡುವವರು ತಮ್ಮ ಕೈಯಲ್ಲಿ ಇಟ್ಟುಕೊಳ್ಳಬೇಕು ಎನ್ನುತ್ತೇನೆ. ಅಧಿಕೃತ ಪಂದ್ಯಕ್ಕೆ ಹೋಗದ ಮಕ್ಕಳು ಕಂಪನಿಯ ಸರದಿಗೆ ಕಟ್ಟುಬೀಳಬೇಕಾಗಿಲ್ಲ. ಕುಷ್ಟಗಿಯಲ್ಲೋ ಯಲಬುರ್ಗಾದಲ್ಲೋ ನಾಲ್ಕೈದು ಮಕ್ಕಳು ಕೂಡಿ ಆಡುವುದಾದರೆ, ಇಷ್ಟೇ ಎಲೆ, ವರ್ಷಕ್ಕೆ ಕಟ್ಟಿನಲ್ಲಿ ಇಷ್ಟೇ ಬದಲಾವಣೆ ಎಂದು ತಮ್ಮೊಳಗೆ ಒಪ್ಪಿಕೊಂಡರೆ ಸಾಕು. ಸಣ್ಣ ಊರುಗಳ ಅಂಗಡಿಗಳಲ್ಲಿ ಸಿಗುವ ಹೊಳೆಯುವ ಬಂಗಾರದ ಬಣ್ಣದ ಎಲೆಗಳಲ್ಲಿ ಬಹಳಷ್ಟು ನಕಲಿ. ಅವುಗಳ ಅಂಕಿಗಳಿಗೆ ತಲೆಬುಡ ಇರುವುದಿಲ್ಲ. ಅಂಥ ಒಂದು ಎಲೆ ಒಳಗೆ ಬಂದರೆ ಉಳಿದೆಲ್ಲ ಎಲೆಗಳೂ ಕೆಲಸಕ್ಕೆ ಬಾರದಾಗುತ್ತವೆ. ಇದನ್ನು ಮಕ್ಕಳೇ ಬೇಗ ಗುರುತಿಸುತ್ತಾರೆ. ಹೊರಗಿಡುವ ನಿಯಮವನ್ನೂ ಅವರೇ ಮಾಡಬಲ್ಲರು.

ಎಲೆ ಎಂದ ಕೂಡಲೇ ಜೂಜು ಎನ್ನುವವರಿಗೂ ಉತ್ತರ ಕೊಡಬೇಕು. ನಮ್ಮ ಕಡೆ ಇಸ್ಪೀಟಿನ ಅಡ್ಡೆಗಳ ಮೇಲೆ ದಾಳಿಯ ಸುದ್ದಿ ಹೊಸದಲ್ಲ, ಅಂದರ್ ಬಾಹರ್‌ನಲ್ಲಿ ಮನೆ ಕಳೆದುಕೊಂಡವರ ನೋವು ನಿಜವಾದದ್ದು. ಒಳಗೆ ಏನಿದೆ ಎಂದು ಗೊತ್ತಿಲ್ಲದ ಮುಚ್ಚಿದ ಪೊಟ್ಟಣವನ್ನು ಮತ್ತೆ ಮತ್ತೆ ಕೊಳ್ಳುವ ಚಟದಲ್ಲಿ ಜೂಜಿನ ವಾಸನೆ ಇದೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಆ ಚಟವನ್ನು ಹುಟ್ಟಿಸುವುದು ಸೇರಿಸುವ ಹಂಬಲವೇ. ಯಾವ ಎಲೆ ಬೇಕು, ಅದು ಯಾವುದರ ಜಾಗಕ್ಕೆ ಬರುತ್ತದೆ ಎಂದು ಮೊದಲೇ ಯೋಚಿಸಿದವನು ಆ ಒಂದು ಎಲೆಯನ್ನೇ ಹುಡುಕಿ ಕೊಳ್ಳುತ್ತಾನೆ, ಇಲ್ಲವೇ ಗೆಳೆಯನ ಹತ್ತಿರ ಬದಲಾಯಿಸಿಕೊಳ್ಳುತ್ತಾನೆ. ಕಟ್ಟು ಕಟ್ಟುವ ಶಿಸ್ತು ಇದ್ದಲ್ಲಿ ಪೊಟ್ಟಣದ ಮೋಹ ತಾನಾಗಿ ಕಡಿಮೆಯಾಗುತ್ತದೆ. ಸಾಧ್ಯತೆಯ ಗಣಿತವನ್ನು ಮಗು ಇಷ್ಟು ಪ್ರೀತಿಯಿಂದ ಕಲಿಯುವ ಜಾಗ ಶಾಲೆಯ ಪುಸ್ತಕದಲ್ಲಿ ಸುಲಭವಾಗಿ ಸಿಗುವುದಿಲ್ಲ.

ಈಗ ಕೊಪ್ಪಳದ ಮಾತು. ಕೊಪ್ಪಳಕ್ಕೆ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ಹಗುರ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಜೋಡಿಸಿ, ಲಾಜವರ ಎಂಬ ವಿಶೇಷ ವಿಧಾನದಲ್ಲಿ ತವರದ ಹೊಳಪು ಕೊಟ್ಟು ಗೊಂಬೆ ಮಾಡುತ್ತ ಬಂದಿದ್ದಾರೆ. ಹಂಪಿಯ ವಿರೂಪಾಕ್ಷ ದೇವಾಲಯದ ಮೇಲ್ಛಾವಣಿಯ ಚಿತ್ರಗಳನ್ನು ಬರೆದವರು ಈ ಕಲಾವಿದರ ಪೂರ್ವಿಕರು ಎಂಬ ನಂಬಿಕೆ ಇದೆ. ಕಿನ್ನಾಳದ ಗೊಂಬೆಗೂ ಮೈಸೂರಿನ ಗಂಜೀಫಾ ಎಲೆಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಇನ್ನೊಂದು ಕಡೆ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಏಕಸ್ ಕಂಪನಿ ಅಲ್ಲಿ ಜಗತ್ತಿನ ಮಾರುಕಟ್ಟೆಗೆ ಆಟಿಕೆ ಮಾಡುತ್ತದೆ. ಒಂದೇ ಜಿಲ್ಲೆಯಲ್ಲಿ ಕೈಬಣ್ಣದ ಪರಂಪರೆಯೂ ದೊಡ್ಡ ಪ್ರಮಾಣದ ಉತ್ಪಾದನೆಯೂ ಇರುವುದು ಸಣ್ಣ ಮಾತಲ್ಲ. ಹೊರದೇಶದ ಆಟಗಳಿಗೆ ಆಕಾರ ಕೊಡುವುದರ ಜೊತೆಗೆ ಕಿನ್ನಾಳದ ಕುಂಚದಿಂದ ಬಂದ ಚಿತ್ರಗಳಿರುವ, ಮುದ್ರಿಸಿ ಅಗ್ಗಕ್ಕೆ ಮಾರಬಹುದಾದ ಒಂದು ಕನ್ನಡ ಎಲೆಯಾಟವೂ ಇಲ್ಲಿ ಹುಟ್ಟಲಿ ಎಂದು ಬಯಸುವುದು ಅತಿಯಾಸೆಯಲ್ಲ.

ಹುಟ್ಟಿದರೆ ಅದರ ಮೊದಲ ಪರೀಕ್ಷೆ ಜಿಲ್ಲೆಯ ನಕ್ಷೆಯಲ್ಲೇ ಕಾದಿದೆ. 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ಕೊಪ್ಪಳ ಜಿಲ್ಲೆಗೆ ನಾಲ್ಕೇ ತಾಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಎಲೆಯಾಟಕ್ಕೆ ಹೇಳಿಮಾಡಿಸಿದ ನಾಲ್ಕು ಬಣ್ಣ. ಬಣ್ಣಕ್ಕೆ ಹನ್ನೆರಡರಂತೆ 48 ಎಲೆ, ನಾಲ್ವರು ಕೂತರೆ ತಲೆಗೆ 12. ಕೊಪ್ಪಳದ ಬಣ್ಣದಲ್ಲಿ ಗವಿಮಠದ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನಗಳು, ಕೋಟೆ, ಕಿನ್ನಾಳದ ಗೊಂಬೆ. ಗಂಗಾವತಿಗೆ ಹಿರೇಬೆಣಕಲ್ಲಿನ ಶಿಲಾಸಮಾಧಿಗಳು, ಆನೆಗೊಂದಿ, ಕನಕಗಿರಿಯ ಕನಕಾಚಲಪತಿ ಗುಡಿ, ಭತ್ತದ ಗದ್ದೆ. ಕುಷ್ಟಗಿಗೆ ಕಬ್ಬರಗಿಯ ಕಪಿಲತೀರ್ಥ, ದಾಳಿಂಬೆ ತೋಟ. ಯಲಬುರ್ಗಾಕ್ಕೆ 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಇಟಗಿಯ ಮಹಾದೇವ ದೇವಾಲಯ, ಕುಕನೂರಿನ ನವಲಿಂಗ ಗುಡಿ. ಆಮೇಲೆ ಕುಕನೂರು, ಕನಕಗಿರಿ, ಕಾರಟಗಿ ಬೇರೆ ತಾಲೂಕುಗಳಾದವು. ಈಗ ಮೂರು ಹೊಸ ಬಣ್ಣ ಬೇಕು. ಮುಮ್ಮಡಿಯವರ ದಾರಿ ಹಿಡಿದರೆ 36 ಎಲೆ ಸೇರಿಸಿ ಕಟ್ಟು 84 ಆಗುತ್ತದೆ, ತಲೆಗೆ 21. ಮಕ್ಕಳ ಸಣ್ಣ ಕೈಗೆ ಅದು ಹೆಚ್ಚು. ಅಕ್ಬರನ ದಾರಿ ಹಿಡಿದರೆ ಬಣ್ಣ ಏಳಾಗಲಿ, ಒಂದೊಂದರಲ್ಲಿ ಎಲೆ ಎಂಟಕ್ಕೆ ಇಳಿಯಲಿ. ಒಟ್ಟು 56, ತಲೆಗೆ 14. ಇಟಗಿ, ನವಲಿಂಗ ಕುಕನೂರಿಗೆ ಹೋಗುತ್ತವೆ, ಕನಕಾಚಲಪತಿ ಕನಕಗಿರಿಗೆ. ಹಳೆಯ ನಾಲ್ಕು ಬಣ್ಣಗಳಿಂದ ಬಣ್ಣಕ್ಕೆ ನಾಲ್ಕು ಎಲೆ ತೆಗೆಯಬೇಕು, ಅವುಗಳಲ್ಲಿ ಕೆಲವು ಹೊಸ ಬಣ್ಣದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ. ಹೊಸ ಬಣ್ಣಗಳಿಗೆ ಹೆಚ್ಚು ಎಲೆಗಳನ್ನು ಗಂಗಾವತಿಯೂ ಯಲಬುರ್ಗಾವೂ ಬಿಟ್ಟುಕೊಡಬೇಕಾಗುತ್ತದೆ, ಏಕೆಂದರೆ ನೆಲವನ್ನು ಬಿಟ್ಟುಕೊಟ್ಟವೂ ಅವೇ. ಅವುಗಳಲ್ಲಿ ಏನು ಉಳಿಯಬೇಕು ಎಂದು ಚರ್ಚೆಗೆ ಕುಳಿತರೆ, ಒಂದು ತಾಲೂಕಿನವರು ತಮ್ಮ ನೆಲದಲ್ಲಿ ಯಾವುದನ್ನು ಮುಖ್ಯ ಎಂದುಕೊಳ್ಳುತ್ತಾರೆ ಎಂಬುದು ಹೊರಬರುತ್ತದೆ. ಆಟ ಶುರುವಾಗುವ ಮೊದಲೇ ನಡೆಯುವ ಈ ಚರ್ಚೆ ನನಗೆ ಆಟದಷ್ಟೇ ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಪರಂಪರೆಯ ಚಿತ್ರಗಳನ್ನು ಹೀಗೆ ತೆಗೆದು ಹಾಕಬಹುದೇ, ಅವು ಅಳಿಯುವುದಿಲ್ಲವೇ ಎಂಬ ಆತಂಕ ಕೊನೆಯದು. ಕಟ್ಟಿನಿಂದ ಹೊರಗೆ ಬಂದದ್ದು ಕಸದ ಬುಟ್ಟಿಗೆ ಹೋಗಬೇಕಾಗಿಲ್ಲ. ಛದದ ಎಲೆಗಳು ಆಟದಲ್ಲಿ ಬದುಕಲಿಲ್ಲವಾದರೂ ಶ್ರೀತತ್ತ್ವನಿಧಿಯ ಪುಟಗಳಲ್ಲಿ ಇಂದಿಗೂ ಹೊಳೆಯುತ್ತವೆ, ಕಲಾವಿದರು ಅವುಗಳಿಂದ ಇಂದಿಗೂ ಕಲಿಯುತ್ತಾರೆ. ಕೈಯಲ್ಲಿ ಬರೆದ ಪೂರ್ಣ ಕಟ್ಟು ಕಿನ್ನಾಳದ ಕಲಾವಿದರಿಂದ ಗೋಡೆಗೆ, ಸಂಗ್ರಹಾಲಯಕ್ಕೆ ಬರಲಿ. ಅದರಲ್ಲಿ ಎಷ್ಟು ಬಣ್ಣ, ಎಷ್ಟು ಎಲೆ ಬೇಕಾದರೂ ಇರಲಿ, ಅದಕ್ಕೆ ಅವರಿಗೆ ಸರಿಯಾದ ಸಂಭಾವನೆಯೂ ಸಿಗಲಿ. ಮುದ್ರಿಸಿ ಮಕ್ಕಳ ಕೈಗೆ ಕೊಡುವ ಕಟ್ಟು ಮಾತ್ರ 56ಕ್ಕೆ ನಿಲ್ಲಲಿ. ವರ್ಷಕ್ಕೊಮ್ಮೆ ಹೊಸ ಎಲೆ ತರುವುದಾದರೆ ಬಣ್ಣಕ್ಕೆ ಒಂದರಂತೆ ಏಳು ಸಾಕು, ಅವುಗಳ ಜೊತೆ ಹೊರಗೆ ಹೋಗುವ ಏಳು ಎಲೆಗಳ ಹೆಸರನ್ನೂ ಪೊಟ್ಟಣದ ಮೇಲೆಯೇ ಮುದ್ರಿಸಬೇಕು. ಹೊಸ ಪೊಟ್ಟಣ ಕೊಳ್ಳಲಾಗದ ಮಗುವಿನ ಹಳೆಯ 56 ಎಲೆಯ ಕಟ್ಟೂ ಆಟಕ್ಕೆ ನಡೆಯಬೇಕು. ಅದಕ್ಕಾಗಿ ಹೊಸ ಎಲೆಯ ಅಂಕಿ ತಾನು ಹೊರಹಾಕುವ ಎಲೆಯ ಅಂಕಿಯನ್ನು ಮೀರಬಾರದು ಎಂಬ ನಿಯಮವನ್ನು ಆಟ ರೂಪಿಸುವವರು ಮೊದಲ ವರ್ಷವೇ ಬರೆದಿಡಬೇಕು.